ಊರಿಗೊಬ್ಬ ಶತ್ರು

ಗಂಧದ ಹಾರದ ವಾಸನೆ ಮನೆಯಿಂದ ಹೋಗುತ್ತಲೇ ಇಲ್ಲ. ಅದು ಗಂಧವೂ ಅಲ್ಲ ಅನ್ನಿ. ಯಾವುದೋ ಹಗುರ ಕಟ್ಟಿಗೆಯನ್ನು ತೆಳ್ಳಗೆ ಹೆರೆದು, ಸುರುಳಿ ಸುತ್ತಿ, ಮೇಲೆ ಎಂಥದೋ ಎಣ್ಣೆ ಚಿಮುಕಿಸಿ ಮಾರುತ್ತಾರೆ. ನೀವೂ ನೋಡಿರುತ್ತೀರಿ. ಕಳೆದ ವಾರ ಕಾಲೇಜಿನಲ್ಲಿ ನಮ್ಮ ಮನೆಯವರ ಶ್ರದ್ಧಾಂಜಲಿ ಸಭೆ ಮಾಡಿ, ಫೋಟೋಕ್ಕೆ ಈ ಹಾರ ಹಾಕಿ, ಸಭೆ ಮುಗಿದ ಮೇಲೆ ಹಾರದ ಸಮೇತ ಮನೆಗೆ ಕಳಿಸಿಕೊಟ್ಟರು. ಹಾರ ದೊಡ್ಡದು, ಫೋಟೋ ಸಣ್ಣದು. ಎಷ್ಟು ಸರಿಮಾಡಿ ಇಟ್ಟರೂ ಅದು ಜಾರಿ ಬಂದು ಅವರ ಬಾಯಿಯ ಮೇಲೇ ಕೂರುತ್ತದೆ. ಹೋಗುತ್ತ ಬರುತ್ತ ನೋಡಿ ನನಗೆ ಸಿಟ್ಟು ಬರುತ್ತದೆ. ನಲವತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದವಳು ನಾನು. ಬಾಯಿ ಮುಚ್ಚಿಕೊಂಡ ಅವರನ್ನು ನೋಡಿದ್ದು ಬಹಳ ಕಡಿಮೆ.

ಸಿಟ್ಟು ಹಾರದ್ದಷ್ಟೇ ಅಲ್ಲ. ಸಭೆಯಲ್ಲಿ ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು. "ಅವರು ಅಜಾತಶತ್ರು." ಪ್ರಿನ್ಸಿಪಾಲರು ಹೇಳಿದರು. ಹಳೆಯ ವಿದ್ಯಾರ್ಥಿಯೊಬ್ಬರು ಹೇಳಿದರು. ನಮ್ಮವರನ್ನು ಒಮ್ಮೆಯೂ ನೋಡಿರದ, ಹೊಸದಾಗಿ ಬಂದ ಆಡಳಿತ ಮಂಡಳಿಯ ಹುಡುಗನೊಬ್ಬ ಚೀಟಿ ನೋಡಿಕೊಂಡು ಹೇಳಿದ. ಕೊನೆಗೆ ಎದ್ದವರು ಗಂಗಾಧರ ಸರ್. ವಯಸ್ಸಾಗಿದೆ, ಕೋಲು ಹಿಡಿದಿದ್ದಾರೆ, ಆದರೆ ದನಿ ಮಾತ್ರ ಹಿಂದಿನದೇ. ಮೈಕಿನ ಹಂಗಿಲ್ಲದೆ ಹಿಂದಿನ ಸಾಲಿಗೆ ಕೇಳುವ ಆ ದನಿಯಲ್ಲಿ ಅವರೂ ಅಂದರು: "ಗೆಳೆಯ ಅಜಾತಶತ್ರುವಾಗಿ ಬಾಳಿದ." ನನ್ನ ಕೈಯಲ್ಲಿದ್ದ ಕರವಸ್ತ್ರ ಮುದ್ದೆಯಾಯಿತು. ನೋಡಿದವರು ದುಃಖ ಎಂದುಕೊಂಡಿರಬೇಕು.

ಅವರಿಗೆ ಊರಿಗೊಬ್ಬ ಶತ್ರು ಇದ್ದ. ಬೆಟಗೇರಿಯಲ್ಲಿ ಒಬ್ಬ, ಲಕ್ಷ್ಮೇಶ್ವರದಲ್ಲಿ ಒಬ್ಬ, ಶಿರಹಟ್ಟಿಯಲ್ಲಿ ಒಬ್ಬ, ಮುಂಡರಗಿಯಲ್ಲಂತೂ ನನ್ನ ತವರುಮನೆಯೊಳಗೇ ಒಬ್ಬ. ಬಸ್ಸು ಹತ್ತಿ ಇಳಿದು, ಧೂಳು ಕುಡಿದು, ಹೆಂಡತಿಯ ಬಾಯಿ ಕೇಳಿ ಗಳಿಸಿಕೊಂಡ ಶತ್ರುಗಳು. ಅವರನ್ನೆಲ್ಲ ಒಂದೇ ಮಾತಿನಲ್ಲಿ ಒರೆಸಿ ಹಾಕಿದರೆ ಹೇಗೆ? ಮೊದಲನೆಯ ಶತ್ರು ಗಂಗಾಧರ ಸರ್ ಅವರೇ ಆಗಿದ್ದರಲ್ಲ!

ನಾನು ಮುಂಡರಗಿಯಲ್ಲಿ ಹತ್ತನೆಯ ಇಯತ್ತೆ ಓದಿದವಳು. ಅದಕ್ಕಿಂತ ಹೆಚ್ಚಿನ ಓದು ನನ್ನದಲ್ಲ. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಬೆಟಗೇರಿಗೆ ಬಂದಾಗ ನಮ್ಮವರು ಪಕ್ಕದ ಗದುಗಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕರು. ಗಂಡ ಪ್ರಾಣಿಶಾಸ್ತ್ರ ಕಲಿಸುತ್ತಾನೆ ಎಂದು ನಮ್ಮ ಓಣಿಯ ಹೆಂಗಸರು ಎಮ್ಮೆಗೆ ಜ್ವರ ಬಂದಾಗ ನನ್ನನ್ನು ಕರೆಯುತ್ತಿದ್ದರು. ಅವರ ವಿದ್ಯೆ ಎಮ್ಮೆಗೂ ಆಗಲಿಲ್ಲ, ಮನೆಗೂ ಆಗಲಿಲ್ಲ ಎಂದು ನಾನು ಅವರನ್ನು ಆಗಾಗ ಕಾಡುತ್ತಿದ್ದೆ. ಅವರು ತಿರುಗಿ ಕೇಳುತ್ತಿದ್ದರು: "ಎಮ್ಮಿಗೆ ಜ್ವರ ಬಂದೈತಂತ ಅವರು ಹೆಂಗ ತಿಳಕೊಂಡ್ರು?"

ಇದು ಅವರ ಚಾಳಿ. ಯಾರು ಏನೇ ಹೇಳಲಿ, ಇದನ್ನು ನೀವು ಹೇಗೆ ತಿಳಿದುಕೊಂಡಿರಿ ಎನ್ನುವುದು. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ನಾನೇ ಹೇಳಿದರೂ, ತಿಂದು ನೋಡಿ ಹೇಳಿದೆಯೋ ಬಣ್ಣ ನೋಡಿ ಹೇಳಿದೆಯೋ ಎಂದು ಕೇಳುವ ಮನುಷ್ಯ. ಇಂಥವರ ಜತೆ ಸಂಸಾರ ಮಾಡಿದವರಿಗಷ್ಟೇ ಗೊತ್ತು ಇದರ ಕಾಟ.

ಆಗ ನಾವಿದ್ದದ್ದು ನೇಕಾರರ ಓಣಿಯಲ್ಲಿ, ಈರಣ್ಣಕಾಕಾನ ಮನೆಯ ಪಡಸಾಲೆಯ ಮಗ್ಗುಲಿನ ಎರಡು ಕೋಣೆಗಳಲ್ಲಿ. ಮುಂಜಾನೆ ಕಣ್ಣು ಬಿಡುವ ಮೊದಲೇ ಮಗ್ಗದ ಸಪ್ಪಳ ಕಿವಿಗೆ ಬೀಳುತ್ತಿತ್ತು. ಕಾಕಾ ಸೀರೆ ನೇಯುತ್ತಿದ್ದ, ಅವನ ಹಿರಿಯ ಮಗಳು ಸರೋಜಾ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಬಲಗೈ ರಾಟಿಯ ಮೇಲೆ, ತೊಡೆಯ ಮೇಲೆ ತೆರೆದ ಪುಸ್ತಕ. ಆ ಓಣಿಯಿಂದ ಸಾಯನ್ಸ್ ತೆಗೆದುಕೊಂಡು ಪಿಯುಸಿಗೆ ಹೋದ ಮೊದಲ ಹುಡುಗಿ ಅವಳು. ತಿಳಿಯದ್ದನ್ನು ನಮ್ಮವರ ಹತ್ತಿರ ಬಂದು ಕೇಳುತ್ತಿದ್ದಳು. ಕಪ್ಪೆಯ ಚಿತ್ರ ಬರೆದರೆ ಕಪ್ಪೆ ಈಗ ಹಾರುತ್ತದೆ ಅನ್ನಿಸುತ್ತಿತ್ತು. ನರ್ಸೋ ಡಾಕ್ಟರೋ ಏನಾದರೂ ಆಗುತ್ತೇನೆ ಎನ್ನುತ್ತಿದ್ದಳು. ನಮ್ಮವರು "ಏನಾದರೂ ಅನಬ್ಯಾಡ, ಯಾವುದು ಅಂತ ಹೇಳು" ಎಂದು ಅವಳನ್ನೂ ಬಿಡುತ್ತಿರಲಿಲ್ಲ.

ಗಂಗಾಧರ ಸರ್ ಅದೇ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ನಮ್ಮವರಿಗೆ ಜೀವದ ಗೆಳೆಯ. ವಾರಕ್ಕೊಮ್ಮೆಯಾದರೂ ನಮ್ಮ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ. ಬಂದರೆ ಮನೆ ತುಂಬುತ್ತಿತ್ತು; ನಕ್ಕರೆ ಪಕ್ಕದ ಮಗ್ಗ ನಿಲ್ಲುತ್ತಿತ್ತು. ಅವರಿಗೆ ಎಲ್ಲಿಯೋ ಬಿಳಿಯರು ಬರೆದ ಹಳೆಯ ಪುಸ್ತಕವೊಂದು ಸಿಕ್ಕಿತ್ತು. ಮನುಷ್ಯರ ತಲೆ ಮೂಗು ಅಳೆದು ಇವರು ಇಂಥ ಜನಾಂಗ, ಇವರ ಬುದ್ಧಿ ಇಷ್ಟು, ಗುಣ ಇಂಥದು ಎಂದು ಹೇಳುವ ವಿದ್ಯೆ. ಕಮ್ಮಾರನ ಹತ್ತಿರ ಬಾಗಿದ ಕಾಲಿನ ಒಂದು ಇಕ್ಕಳ ಮಾಡಿಸಿಕೊಂಡಿದ್ದರು. ಊಟಕ್ಕೆ ಕುಳಿತವರ ತಲೆಗೆಲ್ಲ ಅದನ್ನು ಹಿಡಿಯುವುದು. ಒಮ್ಮೆ ನನ್ನ ಮೂಗಿಗೂ ಹಿಡಿದರು.

"ವೈನಿ, ನಿಮ್ಮ ಮೂಗಿನ ಪ್ರಕಾರ ನೀವು ಬಾಳ ಶಾಂತ ಜನಾಂಗದಾವ್ರು ನೋಡ್ರಿ."

"ಹಂಗಂದ್ರ ನಿಮ್ಮ ಇಕ್ಕಳ ಕೆಟ್ಟೈತಿ," ಎಂದು ನಮ್ಮವರು ಒಳಗಿನಿಂದ ಕೂಗಿದರು.

ಹೀಗೆ ನಗುತ್ತ ನಡೆದದ್ದು. ನಗುತ್ತಲೇ ಮುಗಿಯಬೇಕಿತ್ತು.

ನಮ್ಮ ಕಡೆ ನವರಾತ್ರಿಗೆ ನಾಡಹಬ್ಬ ಮಾಡುತ್ತಾರೆ. ಭುವನೇಶ್ವರಿಯ ಫೋಟೋ ಇಟ್ಟು, ದಿನವೂ ಸಂಜೆ ಒಬ್ಬ ವಿದ್ವಾಂಸರನ್ನು ಕರೆದು ಭಾಷಣ. ಅದರ ಕ್ರಮ ಗಟ್ಟಿ: ಪ್ರಾರ್ಥನೆ, ಸ್ವಾಗತ, ಭಾಷಣ, ಅಧ್ಯಕ್ಷರ ಎರಡು ಮಾತು, ವಂದನಾರ್ಪಣೆ, ಆಮೇಲೆ ಕಡಲೆ ಉಸಳಿ. ಈ ಕ್ರಮದಲ್ಲಿ ಪ್ರಶ್ನೆಗೆ ಜಾಗವಿಲ್ಲ. ಕರೆಸಿಕೊಂಡ ಅತಿಥಿ ಹೇಳಿದ್ದನ್ನು ಕೇಳುವುದು, ಚಪ್ಪಾಳೆ ತಟ್ಟುವುದು, ಉಸಳಿಯ ಪೊಟ್ಟಣ ಹಿಡಿದು ಮನೆಗೆ ಹೋಗುವುದು. ನನಗೇನೂ ಇದು ತಪ್ಪು ಅನ್ನಿಸಿರಲಿಲ್ಲ. ಮನೆಯಲ್ಲಿ ಬೇಕಾದಷ್ಟು ಪ್ರಶ್ನೆ ಕೇಳಿ ಬಂದವಳಿಗೆ ಅಲ್ಲಿ ಸ್ವಲ್ಪ ನೆಮ್ಮದಿಯೇ ಇತ್ತು.

ಆ ವರ್ಷ ಬೆಟಗೇರಿಯ ನಾಡಹಬ್ಬದಲ್ಲಿ ಗಂಗಾಧರ ಸರ್ ಭಾಷಣ. ವಿಷಯ ನಮ್ಮ ನಾಡಿನ ಜನಾಂಗಗಳು. ಓಣಿಗೆ ಓಣಿಯೇ ಬಂದಿತ್ತು. ಈರಣ್ಣಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ. ಸರೋಜಾ ನನ್ನ ಮಗ್ಗುಲಲ್ಲಿ, ಹೆಂಗಸರ ಜಮಖಾನೆಯ ಮೇಲೆ. ಸರ್ ಏನು ಚೆಂದ ಮಾತಾಡಿದರೆಂದು ಹೇಳಲಿ! ನಗಿಸಿದರು, ಕುಣಿಸಿದರು. ಕೊನೆಗೆ ದನಿ ಇಳಿಸಿ ಅಂದರು:

"ಬೆಟಗೇರಿ ನೇಕಾರರ ಬುದ್ಧಿ ತಲಿಯೊಳಗಿಲ್ರಿ, ಬೆರಳ ತುದಿಯೊಳಗ ಐತಿ. ಓದು ಒಂದು ಜನಾಂಗದ ರಕ್ತ, ನೇಯ್ಗಿ ಒಂದು ಜನಾಂಗದ ರಕ್ತ. ಇದು ನನ್ನ ಮಾತಲ್ಲ. ಶಾಸ್ತ್ರ ಅಳದು ನೋಡಿ ಹೇಳಿದ ಮಾತು!"

ಚಪ್ಪಾಳೆ ಬಿತ್ತು. ನೇಕಾರರೇ ಜೋರಾಗಿ ತಟ್ಟಿದರು. ಕಾಕಾ ತನ್ನ ಬೆರಳುಗಳನ್ನು ತಾನೇ ಒಮ್ಮೆ ನೋಡಿಕೊಂಡ. ಸರ್ ಹೊಗಳಿದ್ದರು ನೋಡಿ. ಅವರ ಮನಸ್ಸಿನಲ್ಲಿ ಅದು ಹೊಗಳಿಕೆಯೇ ಆಗಿತ್ತು. ಸರೋಜಾ ಚಪ್ಪಾಳೆ ತಟ್ಟಲಿಲ್ಲ. ಆ ವಾರವೇ ಕಾಲೇಜಿನ ಪರೀಕ್ಷೆಯೊಂದರಲ್ಲಿ ಭೌತಶಾಸ್ತ್ರದಲ್ಲಿ ಅವಳು ನಪಾಸಾಗಿದ್ದಳು.

ಮರುದಿನ ಮುಂಜಾನೆ ಕಾಕಾ ನಮ್ಮ ಬಾಗಿಲಿಗೆ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಭಾರ ಇಳಿಸಿದವನ ಹಾಗಿದ್ದ.

"ಸರ, ಸರೋಜಾನ್ನ ಕಾಲೇಜ ಬಿಡಸಾಕತ್ತೇನಿ."

"ಯಾಕ ಈರಣ್ಣ? ಒಂದು ಪರೀಕ್ಷೆ ಹೋದ್ರ ಏನಾತು?"

"ನಪಾಸಾದಾಗಿಂದ ಹುಡಿಗಿ ಅಳಾಕತ್ತಿತ್ರಿ. ನಾನೂ ಬೈದೆ. ತಪ್ಪು ಆಕೀದಲ್ಲ ಅಂತ ನಿನ್ನಿ ಗೊತ್ತಾತು. ನಮ್ಮ ರಕ್ತದಾಗ ಇಲ್ಲದ್ದನ್ನ ತಲಿಯಾಗ ತುಂಬಾಕ ಹೋದ್ರ ಹುಡಿಗಿ ತಲಿ ಕೆಟ್ಟೀತು. ಅಷ್ಟು ದೊಡ್ಡ ಪ್ರೊಫೆಸರ್ರು ಸುಳ್ಳ ಹೇಳತಾರೇನ್ರಿ?"

ಒಳಗೆ ರಾಟಿ ತಿರುಗುತ್ತಿತ್ತು. ಅವಳ ತೊಡೆಯ ಮೇಲೆ ಆವತ್ತು ಪುಸ್ತಕ ಇರಲಿಲ್ಲ.

ನಮ್ಮವರು ಚಹಾ ಕುಡಿಯದೆ ಹೊರಟರು. ಸಂಜೆಗೆ ಗಂಗಾಧರ ಸರ್ ಅವರನ್ನು ಕರೆದುಕೊಂಡೇ ಬಂದರು. ರೊಟ್ಟಿ ಬಡಿಯುತ್ತ ನಾನು ಎಲ್ಲ ಕೇಳಿದೆ.

"ನಾ ಏನು ಆಕಿನ್ನ ಬಿಡಸಂತ ಹೇಳಿದ್ನೇನೋ? ಅದು ಅವರಪ್ಪನ ತಪ್ಪು."

"ತಪ್ಪು ಯಾರದು ಅಂತ ಕೇಳಲಿಲ್ಲ ನಾ. ಬುದ್ಧಿ ಬೆರಳಾಗ ಐತಿ ಅಂತ ನೀ ಹೆಂಗ ತಿಳಕೊಂಡಿ?"

"ಅಧ್ಯಯನ ಮಾಡೇನಿ. ಅಳದೇನಿ."

"ಅಳದವರೊಳಗ ಅರ್ಧ ಮಂದಿ ನಮ್ಮ ಮನ್ಯಾಗ ಊಟಕ್ಕ ಬಂದವರು!"

ಸರ್‌ಗೆ ಅಪಮಾನವಾಯಿತು. "ನೋಡು, ನಾನೊಬ್ಬ ವಿದ್ವಾಂಸ. ನಾ ಓದಿದ್ದು, ನನಗ ತಿಳಿದದ್ದು ನಾಕು ಮಂದಿ ಮುಂದ ಹೇಳೋ ಸ್ವಾತಂತ್ರ್ಯ ನನಗಿಲ್ಲೇನು? ನೀ ಕೊಡಬೇಕೇನು ಅದನ್ನ?"

"ಐತಿ. ಪೂರಾ ಐತಿ. ಗಂಗಾಧರ ಅನ್ನಾವ ಹೇಳಲಿ, ಯಾರೂ ಬ್ಯಾಡ ಅನ್ನಂಗಿಲ್ಲ. ಆದ್ರ 'ಶಾಸ್ತ್ರ ಹೇಳೇತಿ' ಅಂದ ಕೂಡಲೆ ಈರಣ್ಣ ಮಗಳ ಪುಸ್ತಕ ಕಟ್ಟಿ ಇಟ್ಟ. ಅದ ಸ್ಟೇಜ್ ಹತ್ತಿ, ಇದು ನನ್ನ ಅಂದಾಜು, ಖರೆ ಏನಂತ ನನಗ ಗೊತ್ತಿಲ್ಲ ಅಂತ ಹೇಳು. ಅಷ್ಟ."

"ಗೊತ್ತಿಲ್ಲ ಅಂತ ಹೇಳಾಕ ನನ್ನನ್ನ ಕರಸ್ತಾರೇನೋ ಹುಚ್ಚಾ!" ಎಂದು ಸರ್ ಎದ್ದರು. ಬಡಿದ ರೊಟ್ಟಿ ಹಾಗೆಯೇ ಉಳಿಯಿತು. ಆ ರೊಟ್ಟಿಯ ಸಿಟ್ಟು ನನಗೆ ಇನ್ನೂ ಇದೆ.

ಗ್ರಹಚಾರಕ್ಕೆ ಅದೇ ನಾಡಹಬ್ಬದ ಕೊನೆಯ ಸಂಜೆ ನಮ್ಮವರದೇ ಭಾಷಣವಿತ್ತು. ವಿಷಯ ಕಪ್ಪತ್ತಗುಡ್ಡದ ಹಾವುಗಳು. ನಮ್ಮವರಿಗೆ ಭಾಷಣ ಬರುತ್ತಿರಲಿಲ್ಲ ಎಂದು ನಾನು ಹೇಳಿದರೆ ತಪ್ಪಾಗಲಾರದು. ಒಂದು ವಾಕ್ಯ ಶುರುಮಾಡಿ, ಅದರ ನಡುವೆ ಸಂಶಯ ಬಂದು, ಇನ್ನೊಂದಕ್ಕೆ ಹೋಗುತ್ತಿದ್ದರು. ಹಾವು ಹಾಲು ಕುಡಿಯುವುದಿಲ್ಲ ಎಂದರು. ಹೆಂಗಸರ ಕಡೆ ಗುಜುಗುಜು ಆಯಿತು. ಹಾವುಗಳನ್ನು ಅರ್ಧಕ್ಕೆ ಬಿಟ್ಟು, "ಈಗ ಮನುಷ್ಯರ ವಿಷಯ" ಎಂದರು. ಮೂಗು ಅಳೆದು ಬುದ್ಧಿ ತಿಳಿಯುವುದಿಲ್ಲ, ರಕ್ತದಲ್ಲಿ ನೇಯ್ಗೆಯೂ ಇಲ್ಲ ಓದೂ ಇಲ್ಲ, ಮೊನ್ನೆ ಈ ವೇದಿಕೆಯಲ್ಲಿ ಹೇಳಿದ ಮಾತಿಗೆ ಆಧಾರವಿಲ್ಲ ಎಂದು ತೊದಲುತ್ತ ತೊದಲುತ್ತ ಹೇಳಿದರು. ಆ ಹೊತ್ತಿಗೆ ಹಿಂದಿನಿಂದ ಉಸಳಿಯ ಒಗ್ಗರಣೆಯ ವಾಸನೆ ಬಂದು ಜನ ಏಳತೊಡಗಿದ್ದರು.

ಆವತ್ತು ಅವರಿಗೆ ಚಪ್ಪಾಳೆ ಇಲ್ಲ. ಮನೆಗೆ ಬಂದರೆ ಈರಣ್ಣಕಾಕಾ ಕಟ್ಟೆಯ ಮೇಲೆ ಕುಳಿತಿದ್ದ.

"ನಮ್ಮನ್ನ ಒಬ್ಬರು ಹೊಗಳಿದ್ದು ನಿಮಗ ಸೈರಣಿ ಆಗಲಿಲ್ಲೇನ್ರಿ ಸರ? ನಮ್ಮ ರಕ್ತದಾಗ ನೇಯ್ಗಿ ಇಲ್ಲಂತೀರಿ. ನಮ್ಮ ಮುತ್ಯಾ, ನಮ್ಮ ಮುತ್ಯಾನ ಮುತ್ಯಾ ಏನು ಹಂಗ ಕುಂತಿದ್ರೇನ್ರಿ?"

"ಹಂಗಲ್ಲ ಈರಣ್ಣ, ನೀವು ಕಲತು ಮಾಡಿದ್ದು ಅಂತ ಹೇಳಿದೆ. ಕಲತದ್ದು ರಕ್ತಕ್ಕಿಂತ ದೊಡ್ಡದು."

"ನಿಮ್ಮ ಮಾತು ನನಗ ತಿಳಿಯಾಂಗಿಲ್ಲ. ದೀಪಾವಳಿ ಮುಗಿದ ಮ್ಯಾಲ ಬ್ಯಾರೆ ಮನಿ ನೋಡಿಕೊಳ್ರಿ."

ಗೆಳೆತನ ಹೋಯಿತು, ಮನೆ ಹೋಯಿತು, ಸರೋಜಾ ರಾಟಿಯ ಮುಂದೆಯೇ ಉಳಿದಳು. ಇನ್ನಾದರೂ ಸುಮ್ಮನಾಗುತ್ತಾರೆಂದು ನಾನು ತಿಳಿದೆ. ಗಂಡನನ್ನು ಅಷ್ಟೂ ಅರಿಯದವಳು ನಾನು.

ಗಂಗಾಧರ ಸರ್ ಅವರ ಆ ಭಾಷಣ ಎಷ್ಟು ಹೆಸರಾಯಿತೆಂದರೆ ಸುತ್ತಲ ಊರುಗಳಿಂದ ಕರೆ ಬಂದವು. ರಾಜ್ಯೋತ್ಸವಕ್ಕೆ ಲಕ್ಷ್ಮೇಶ್ವರದಲ್ಲಿ. ನಮ್ಮವರು ಕಾಲೇಜು ಮುಗಿಸಿ ಸರ್ ಹತ್ತಿದ ಬಸ್ಸನ್ನೇ ಹಿಡಿದರು. ಹೋಗಿ, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು, ಪೂರ್ತಿ ಭಾಷಣ ಕೇಳಿ, ವಂದನಾರ್ಪಣೆಯವರು ಮೈಕಿಗೆ ಬರುವ ಮೊದಲು ಎದ್ದು ನಿಂತು ಒಂದೇ ಪ್ರಶ್ನೆ ಕೇಳುವುದು: "ಸರ, ಇದನ್ನ ನೀವು ಹೆಂಗ ತಿಳಕೊಂಡ್ರಿ?" ಭಾಷಣ ಮಾಡಲು ಬಾರದವರಿಗೆ ಈ ಒಂದು ಪ್ರಶ್ನೆ ಮಾತ್ರ ತೊದಲಿಲ್ಲದೆ ಬರುತ್ತಿತ್ತು. ಸರ್ ಏನೋ ಹಾಸ್ಯ ಮಾಡಿ ತೇಲಿಸುತ್ತಿದ್ದರು. ಇವರು ಕುಳಿತುಬಿಡುತ್ತಿದ್ದರು. ಗಲಾಟೆ ಇಲ್ಲ, ಎರಡನೆಯ ಮಾತಿಲ್ಲ. ತಿರುಗಿ ಬಸ್ಸು ಹತ್ತಿ ಮನೆಗೆ.

ಲಕ್ಷ್ಮೇಶ್ವರದಲ್ಲಿ ಸರ್ ಮಾತು ಇನ್ನಷ್ಟು ಮುಂದೆ ಹೋಗಿತ್ತು. ಅಲ್ಲಿಯ ಮುಸಲ್ಮಾನರು ಹೊರಗಿನ ರಕ್ತದವರು, ನೂರಾರು ವರ್ಷ ಇದ್ದರೂ ಈ ಮಣ್ಣಿನ ಗುಣ ಅವರಿಗೆ ಹತ್ತಲಿಲ್ಲ ಎಂದಿದ್ದರಂತೆ. ಅದನ್ನೂ ಶಾಸ್ತ್ರದ ಹೆಸರಿನಲ್ಲೇ. ಸಭೆಯಲ್ಲಿ ಅತ್ತರಿನ ವ್ಯಾಪಾರದ ಖಾದರಸಾಹೇಬರಿದ್ದರು. ನಮ್ಮವರು ಎದ್ದು ಕೇಳಿದ್ದನ್ನು ನೋಡಿ ಅವರ ಕೈ ಹಿಡಿದು, ಗಂಧದ ಅತ್ತರಿನ ಸಣ್ಣ ಶೀಶೆಯೊಂದನ್ನು ಕಿಸೆಗೆ ಹಾಕಿ ಕಳಿಸಿದ್ದರು. ಅದು ನಿಜವಾದ ಗಂಧ. ಒಂದು ಹನಿ ಹಚ್ಚಿದರೆ ಟ್ರಂಕಿನ ಬಟ್ಟೆಯೆಲ್ಲ ಘಮ್ಮೆನ್ನುತ್ತಿತ್ತು. ಈಗ ಫೋಟೋದ ಮೇಲಿರುವ ಈ ಕಟ್ಟಿಗೆಯನ್ನು ಖಾದರಸಾಹೇಬರು ಮೂಸಿದ್ದರೆ ಮುಖ ತಿರುಗಿಸುತ್ತಿದ್ದರು.

ಖಾದರಸಾಹೇಬರು ಮತ್ತು ಇನ್ನು ಕೆಲವರು ಕಾಲೇಜಿನ ಆಡಳಿತ ಮಂಡಳಿಗೆ ದೂರು ಕೊಟ್ಟರು. ಕಾರ್ಯದರ್ಶಿಗಳು ಕಾಳಿನ ವ್ಯಾಪಾರದವರು, ತಂಟೆ ಬೇಡ ಎನ್ನುವ ಮನುಷ್ಯ. ಗಂಗಾಧರ ಸರ್ ಅವರನ್ನು ಕೆಲಸದಿಂದ ತೆಗೆಯಬೇಕೆಂದು ಅಧ್ಯಾಪಕರೇ ಬರೆದುಕೊಟ್ಟರೆ ಕೆಲಸ ಹಗುರಾಗುತ್ತದೆಂದು ಕಾಗದ ಹಿಡಿದು ನಮ್ಮ ಹೊಸ ಬಾಡಿಗೆ ಮನೆಗೇ ಬಂದರು. ಜತೆಗೆ ಖಾದರಸಾಹೇಬರು. ನಾನು ಚಹಾ ಕೊಟ್ಟೆ. ನನ್ನ ಮನಸ್ಸಿಗೆ ಸಮಾಧಾನವಾಗಿತ್ತು: ಒಂದು ಸಹಿ, ಈ ಬಸ್ಸಿನ ಓಡಾಟ ಮುಗಿಯಿತು.

"ನಾ ಸಹಿ ಮಾಡಾಂಗಿಲ್ರಿ," ಎಂದರು ನಮ್ಮವರು.

ಕಾರ್ಯದರ್ಶಿಗಳು ನಕ್ಕರು. "ಊರೂರಿಗೆ ಹೋಗಿ ಅವರನ್ನ ವಿರೋಧ ಮಾಡಾವ್ರು ನೀವ ಅಲ್ಲೇನ್ರಿ?"

"ವಿರೋಧ ಅಲ್ರಿ, ಪ್ರಶ್ನೆ ಕೇಳತೇನಿ. ಇವತ್ತ ಅವರ ಮಾತು ಸೇರಲಿಲ್ಲಂತ ಅವರ ಅನ್ನ ತಗದ್ರಿ. ನಾಳೆ ಹಾವು ಹಾಲು ಕುಡಿಯಾಂಗಿಲ್ಲಂತ ನಾ ಹೇಳಿದ್ದು ಇನ್ಯಾರಿಗೋ ಸೇರಾಂಗಿಲ್ಲ. ಅವಾಗ ನನ್ನ ಅನ್ನ. ಮಾತಿಗೆ ಮಾತಿನಿಂದ ಉತ್ತರ ಕೊಡೂಣ್ರಿ."

ಈಗ ಖಾದರಸಾಹೇಬರು ಮಾತಾಡಿದರು. "ಸರ, ಆವತ್ತು ನೀವು ಎದ್ದು ನಿಂತಾಗ ನನ್ನ ಎದಿ ತುಂಬಿತ್ತು. ಈಗ ಹಿಂಗಂತೀರಿ. ನಮ್ಮ ಹುಡುಗೂರು ಅವರ ಕ್ಲಾಸಿನ್ಯಾಗ ಹೆಂಗ ಕುಂಡ್ರಬೇಕು ಹೇಳ್ರಿ."

"ಕ್ಲಾಸಿನ್ಯಾಗ ಅವರು ಹಂಗ ಮಾತಾಡಿದ್ರ, ಮಾರ್ಕ್ಸಿನ್ಯಾಗ ಕೈ ಹಿಡದ್ರ, ನಾನ ಮೊದಲ ಸಹಿ ಮಾಡತೇನಿ."

"ಕ್ಲಾಸಿನ ಹೊರಗ ಆಡಿದ್ದು ಹುಡುಗೂರ ಕಿವಿಗೆ ಬೀಳಾಂಗಿಲ್ಲೇನ್ರಿ?"

ನಮ್ಮವರು ಚಹಾದ ಕಪ್ಪು ಅವರತ್ತ ಸರಿಸಿದರು. "ಬೀಳತೈತ್ರಿ," ಎಂದರು. "ಅದಕ್ಕ ನನ್ನ ಹತ್ರ ಉತ್ತರ ಇಲ್ರಿ ಸಾಹೇಬರ." ಖಾದರಸಾಹೇಬರು ಚಹಾ ಮುಟ್ಟದೆ ಎದ್ದು ಹೋದರು. ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ. ನನಗೆ ಅವರೇ ಸರಿ ಅನ್ನಿಸಿತ್ತು. ಈಗಲೂ ಕೆಲವು ಸಲ ಅನ್ನಿಸುತ್ತದೆ.

ಆ ಸಂಜೆ ನಾನು ಬಾಯಿ ಬಿಟ್ಟೆ. "ಅಲ್ರಿ, ಆ ಮನುಷ್ಯಾನ ಬೆನ್ನ ಹತ್ತಿ ಊರೂರು ತಿರಗತೀರಿ. ಈಗ ಅವರ ಕೆಲಸ ಉಳಸಾಕ ಹೊಂಟೀರಿ. ನಿಮಗ ಏನ ಬೇಕಾಗೇತಿ ಒಂದ ಹೇಳ್ರಿ."

"ಅವನ ಬಾಯಿ ಮುಚ್ಚಿಸಿದ್ರ ನಾ ಯಾರನ್ನ ಕೇಳ್ಲಿ? ಅವ ತನ್ನ ಬಾಯಿಂದ ಹೇಳಿದ್ರನ ಈರಣ್ಣ ನಂಬತಾನ. ನಾ ಹೇಳಿ ನೋಡಿದೆನಲ್ಲ, ಮನಿ ಬಿಡಿಸಿದ."

ಹಾಗಾದರೆ ಈ ಓಡಾಟವೆಲ್ಲ ಸರೋಜಾಳಿಗಾಗಿ ಎಂದು ನನಗೆ ಸರಿಯಾಗಿ ತಿಳಿದದ್ದು ಆವತ್ತೇ. ತಿಳಿದ ಮೇಲೆ ಬೈಯುವುದು ಕಡಿಮೆಯಾಯಿತೇ ಎಂದರೆ, ಇಲ್ಲ.

ಸಹಿಗಳು ಸಾಲದೆ ಕಾರ್ಯದರ್ಶಿಗಳು ಒಂದು ಎಚ್ಚರಿಕೆ ಕೊಟ್ಟು ಕೈಬಿಟ್ಟರು. ಗಂಗಾಧರ ಸರ್ ಕೆಲಸ ಉಳಿಯಿತು. ಒಂದು ಥ್ಯಾಂಕ್ಸ್ ಇಲ್ಲ. ನಮ್ಮವರಾದರೂ ಥ್ಯಾಂಕ್ಸಿಗೆ ಕಾಯಲಿಲ್ಲ. ಸಂಕ್ರಾಂತಿ ಆಗುವುದರೊಳಗೆ ಶಿರಹಟ್ಟಿಯ ಹೈಸ್ಕೂಲಿನ ಸ್ನೇಹಸಮ್ಮೇಳನದಲ್ಲಿ ಹಾಜರು. ಮತ್ತೆ ಎದ್ದು ನಿಂತದ್ದು, ಮತ್ತೆ ಅದೇ ಪ್ರಶ್ನೆ. ಅಲ್ಲಿಯ ಹೆಡ್‌ಮಾಸ್ತರರು ಮೈಕಿನಲ್ಲೇ ಅಂದರಂತೆ: "ಕರೀದ ಬಂದವರು ಕುಂಡ್ರಬೇಕು. ಮಂಡಾಳ ಮೆತ್ತಗಾಗತಾವ, ಚಹಾ ಆರಾಕತ್ತೈತಿ!" ಇದನ್ನು ಮನೆಗೆ ಬಂದು ನಮ್ಮವರೇ ನಗುತ್ತ ಹೇಳಿದರು. ನಾನು ಅವರ ಧೂಳು ತುಂಬಿದ ಪ್ಯಾಂಟು ನೆನೆಹಾಕುತ್ತಿದ್ದೆ. ನನಗೆ ನಗು ಬರಲಿಲ್ಲ.

ಬೇಸಿಗೆಯಲ್ಲಿ ಮುಂಡರಗಿಯ ವಸಂತ ವ್ಯಾಖ್ಯಾನಮಾಲೆ. ಅದರ ಕಮಿಟಿಯಲ್ಲಿ ನನ್ನ ಅಣ್ಣನೇ ಇದ್ದ. ನಾನು ಮುಂಚೆಯೇ ಹೇಳಿದೆ, "ಅದು ನನ್ನ ತವರಮನಿ ಊರು, ಅಲ್ಲೆ ಮಾತ್ರ ಬ್ಯಾಡ್ರಿ." ಅವರು "ಆತು" ಎಂದರು. ನಾನೂ ಜತೆಗೆ ಹೋದೆ. ಭಾಷಣ ಮುಗಿಯುವವರೆಗೆ ಸುಮ್ಮನೆ ಕುಳಿತಿದ್ದರು. ಮುಗಿದ ಮೇಲೆ ಗಂಗಾಧರ ಸರ್ ತಾವಾಗಿಯೇ ಹಿಂದಿನ ಸಾಲಿನತ್ತ ನೋಡಿದರು, ಪ್ರಶ್ನೆ ಎಲ್ಲಿ ಎನ್ನುವ ಹಾಗೆ. ಅಷ್ಟೇ ಸಾಕಾಯಿತು; ಇವರು ಎದ್ದರು. ಹೊರಗೆ ಬಂದ ಮೇಲೆ ಅಣ್ಣ ನನ್ನ ಮೇಲೆ ಹರಿಹಾಯ್ದ. "ನಮ್ಮ ಮನಿ ಅಳಿಯಾನ ಎದ್ದು ನಿಂತ್ರ ನಾ ಊರಾಗ ಹೆಂಗ ಅಡ್ಡಾಡ್ಲಿ? ಸೀರಿ ಕುಬಸ ತಗೊಂಡು ಹೋಗು, ಮಂದಿ ಮುಂದ ಮಾತ ಬ್ಯಾಡ." ಆ ಸಲದ ಸೀರೆಯನ್ನು ನಾನು ಉಡಲೇ ಇಲ್ಲ.

ಬರಬರುತ್ತ ಸಭೆಯವರಿಗೆ ಈ ಪ್ರಶ್ನೆಯ ಕಾಟ ಬೇಡವಾಯಿತು. ಗಂಗಾಧರ ಸರ್ ಜನಾಂಗದ ಮಾತು ಬಿಟ್ಟು ಶಾಸನಗಳ ಬಗ್ಗೆ ಮಾತಾಡತೊಡಗಿದರು. ತಪ್ಪಾಯಿತು ಎಂದು ಎಲ್ಲೂ ಹೇಳಲಿಲ್ಲ. ಇಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತು, ಚಹಾ ಬೇರೆ ಬೇರೆ ತರಿಸಿಕೊಂಡು, ನಿವೃತ್ತರಾದರು. ಸರೋಜಾ ಕಾಲೇಜಿಗೆ ಮತ್ತೆ ಹೋಗಲಿಲ್ಲ. ಇಷ್ಟು ಬಸ್ಸು, ಇಷ್ಟು ಸಿಟ್ಟು, ಇಷ್ಟು ಶತ್ರುಗಳಾದ ಮೇಲೂ ಆ ಒಂದು ಹುಡುಗಿಯ ಪುಸ್ತಕ ತೆರೆಯಲಿಲ್ಲ. ಇದನ್ನು ನಮ್ಮವರು ಕೊನೆಯವರೆಗೂ ಯಾರ ಮುಂದೂ ಹೇಳುತ್ತಿರಲಿಲ್ಲ. ಮಗ್ಗದ ಸಪ್ಪಳ ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಪ್ರಶ್ನೆ ನಿಲ್ಲಿಸುತ್ತಿದ್ದರು. ಅವರು ಹೋದ ದಿನ ಸರೋಜಾ ಬಂದು, ಮುಂಜಾನೆಯಿಂದ ಸಂಜೆಯವರೆಗೆ ನನ್ನ ಮಗ್ಗುಲಲ್ಲಿ ಕುಳಿತಿದ್ದಳು.

ನಿನ್ನೆ ಗಂಗಾಧರ ಸರ್ ಮನೆಗೆ ಬಂದರು. ಸಭೆಯಲ್ಲಿ ನನ್ನ ಜತೆ ಸರಿಯಾಗಿ ಮಾತಾಡಲಾಗಲಿಲ್ಲ ಎಂದರು. ಎಷ್ಟೋ ವರ್ಷಗಳ ಮೇಲೆ ಅವರು ನಮ್ಮ ಹೊಸ್ತಿಲು ದಾಟಿದ್ದು. ಕೋಲನ್ನು ಗೋಡೆಗೆ ಆನಿಸಿ, ಫೋಟೋದ ಎದುರು ಕುಳಿತರು. ಚಹಾ ಕೊಟ್ಟೆ.

"ಏನ ಹೇಳ್ಲಿ ವೈನಿ. ಅಜಾತಶತ್ರು ಅಂದ್ರ ಅವನ ನೋಡ್ರಿ."

ಮತ್ತೆ ಅದೇ ಮಾತು! ನನಗೆ ತಡೆಯಲಾಗಲಿಲ್ಲ. ನಾನು ಸಭೆಯಲ್ಲಿ ಎದ್ದವಳಲ್ಲ, ದೊಡ್ಡವರ ಮುಂದೆ ದನಿ ಎತ್ತಿದವಳಲ್ಲ. ಆದರೆ ಬಾಯಿಂದ ಬಂದೇಬಿಟ್ಟಿತು.

"ಸರ, ಇದನ್ನ ನೀವು ಹೆಂಗ ತಿಳಕೊಂಡ್ರಿ?"

ಚಹಾದ ಬಸಿ ಅವರ ತುಟಿಯ ಹತ್ತಿರ ನಿಂತಿತು. ನನ್ನನ್ನಲ್ಲ, ಫೋಟೋ ನೋಡಿದರು. ನಗಲು ಹೋದರು. ಆಗಲಿಲ್ಲ.

"ತಿಳಕೊಂಡಿಲ್ರಿ ವೈನಿ," ಎಂದರು. "ಸಭಾದಾಗ ಹಂಗ ಅಂತಾರ, ಅಂದೆ."

"ನಾಡಹಬ್ಬದಾಗ ಅಂದದ್ದೂ ಹಂಗ ಏನ್ರಿ?"

"ಆಗ... ಮಂದಿ ಚಪ್ಪಾಳಿ ಹೊಡೀತಿದ್ರು." ಬಸಿ ಕೆಳಗಿಟ್ಟರು. ಹಿಂದಿನ ಓಣಿಯಲ್ಲಿ ಪವರ್‌ಲೂಮು ಬಡಿದುಕೊಳ್ಳುತ್ತಿತ್ತು. ಆ ಸಪ್ಪಳದ ಕಡೆ ತಿರುಗಿ ಕೇಳಿದರು: "ಆ ನೇಕಾರರ ಹುಡಿಗಿ ಇದ್ಲಲ್ರಿ, ಆಕಿ ಮುಂದ ಓದಿದ್ಲೇನು?"

'ತಿಳಕೊಂಡಿಲ್ಲ' ಅನ್ನುವ ಒಂದು ಮಾತು, ಈ ಒಂದು ಪ್ರಶ್ನೆ ಅವರ ಬಾಯಿಂದ ಬರಲಿ ಎಂದು ನನ್ನ ಗಂಡ ನಾಲ್ಕು ಊರು ಅಲೆದಿದ್ದರು. ಬಂದದ್ದು ಅವರು ಸತ್ತ ಮೇಲೆ. ನನಗೆ ಆ ಕೋಲು ತೆಗೆದುಕೊಂಡು ಏನಾದರೂ ಒಡೆಯಬೇಕು ಅನ್ನಿಸಿತು.

"ಇಲ್ರಿ. ಓದಲಿಲ್ಲ. ಇಲ್ಲೇ ಇದ್ದಾಳ, ನೀರಿನ ಟಾಕಿ ಬಾಜೂಕ ಮನಿ."

"ನನ್ನ ಗುರುತು ಹಿಡೀತಾಳೇನ್ರಿ?"

"ನಿಮ್ಮ ಭಾಷಣ ಆಕಿಗೆ ಬಾಯಿಪಾಠ ಐತಿ."

ಅವರು ತಲೆ ತಗ್ಗಿಸಿದರು. "ಹೋದ್ರ ಏನಂತ ಹೇಳ್ಲಿ?"

"ಹೇಳೂದು ಬಾಳ ಆತ್ರಿ ಸರ. ಈ ಸಲ ಹೋಗಿ ಕೇಳ್ರಿ."

ಕೋಲು ಊರುತ್ತ ಹೊರಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಓಣಿಯ ತಿರುವಿನಲ್ಲಿ ಎಡಕ್ಕೆ ಬಸ್ ಸ್ಟ್ಯಾಂಡು, ಬಲಕ್ಕೆ ನೀರಿನ ಟಾಕಿ. ಅಲ್ಲಿ ಬಹಳ ಹೊತ್ತು ನಿಂತರು. ಕೊನೆಗೆ ಬಲಕ್ಕೆ ತಿರುಗಿದರು. ಸರೋಜಾ ಒಳಗೆ ಕರೆಯುತ್ತಾಳೋ, ಬಾಗಿಲು ಹಾಕುತ್ತಾಳೋ, ಅದು ಅವಳಿಗೆ ಬಿಟ್ಟದ್ದು.

ಇಷ್ಟು ಹೇಳಿ ಈಗ ಎದ್ದು ಆ ಹಾರ ತೆಗೆದು ಕಿಟಕಿಯ ಸರಳಿಗೆ ಹಾಕಿದೆ. ಫೋಟೋ ತೆಗೆಸಿದ ದಿನ ನಾನೂ ಜತೆಗಿದ್ದೆ. ಸ್ಟುಡಿಯೋದವನು ಬಾಯಿ ಮುಚ್ಚಿ ಕುಂಡ್ರಿ ಸರ, ಬಾಯಿ ಮುಚ್ಚಿ ಕುಂಡ್ರಿ ಸರ ಎಂದು ಎಷ್ಟು ಸಲ ಹೇಳಿದರೂ ಇವರು ಅವನನ್ನು ಏನೋ ಕೇಳುತ್ತಲೇ ಇದ್ದರು. ಬೇಸತ್ತು ಅವನು ಹಾಗೆಯೇ ತೆಗೆದುಬಿಟ್ಟ. ಬಾಯಿ ಅರ್ಧ ತೆರೆದಿದೆ. ಏನು ಕೇಳುತ್ತಿದ್ದರೋ ನೆನಪಿಲ್ಲ. ಸ್ಟುಡಿಯೋದವನಿಗೆ ಸಿಟ್ಟು ಬಂದದ್ದು ಮಾತ್ರ ನೆನಪಿದೆ.